ಡಬ್ಬದ ಮೇಲಿನ ವ್ಯಾಟು, ಬಾಗಿಲೊಳಗಿನ ನಾದ

ಬೆಂಗಳೂರಿನ ಪುರಭವನ ದಾಟಿ ಜೆ.ಸಿ. ರಸ್ತೆಯಲ್ಲಿ ಮಿನರ್ವ ವೃತ್ತದ ಕಡೆಗೆ ಹೊರಟರೆ ಕಾರಿನ ಬಿಡಿಭಾಗಗಳ ಅಂಗಡಿಗಳು ಸಾಲಾಗಿ ಸಿಗುತ್ತವೆ. ಸೀಟ್ ಕವರು, ಮ್ಯಾಟು, ಹಾರ್ನುಗಳ ನಡುವೆ ಗಾಜಿನ ಕಪಾಟಿನಲ್ಲಿ ಸ್ಪೀಕರ್ ಡಬ್ಬಗಳು. ಒಂದರ ಮೇಲೆ 250 ವ್ಯಾಟ್ ಎಂದಿದೆ, ಪಕ್ಕದ್ದರ ಮೇಲೆ 350. ಕಾರು ಕೊಂಡು ತಿಂಗಳು ತುಂಬುವ ಮೊದಲೇ ಅದರ ಸಂಗೀತ ಸಪ್ಪೆ ಎನಿಸಿ ಬಂದ ಗ್ರಾಹಕ ಮೊದಲು ನೋಡುವುದು ಆ ಅಂಕಿಯನ್ನೇ. ದೊಡ್ಡದನ್ನು ಆರಿಸಿ, ಅಲ್ಲೇ ನಿಂತು ಡೋರ್ ಪ್ಯಾಡ್ ಬಿಚ್ಚಿಸಿ, ಹಳೆಯದನ್ನು ತೆಗೆಸಿ ಹೊಸದನ್ನು ಕೂರಿಸಿಕೊಂಡು ಹೊರಡುತ್ತಾನೆ. ಮನೆ ಮುಟ್ಟುವಷ್ಟರಲ್ಲಿ ಒಂದು ಅನುಮಾನ ಕಾಡತೊಡಗುತ್ತದೆ: ಹೈ ಸದ್ದೇನೋ ಚುರುಕಾಗಿದೆ, ಆದರೆ ಒಟ್ಟಾರೆ ಧ್ವನಿ ಮೊದಲಿಗಿಂತ ಕಡಿಮೆಯಾಯಿತೇ?

ಬಹಳ ಸಲ ಆ ಅನುಮಾನ ನಿಜ. ಅದಕ್ಕೆ ಕಾರಣ ಸ್ಪೀಕರಿನ ದೋಷವಲ್ಲ, ಅಂಗಡಿಯವನ ಮೋಸವೂ ಅಲ್ಲ. ಹೊಸ ಸ್ಪೀಕರಿಗೂ ಅದನ್ನು ನಡೆಸುವ ಯಂತ್ರಕ್ಕೂ ಜೋಡಿ ಕೂಡಿಬಂದಿಲ್ಲ, ಅಷ್ಟೆ.

ಕಾರಿನ ಸ್ಟೀರಿಯೊ ಒಳಗೆ ಏನಿದೆ ಎಂಬುದರಿಂದ ಶುರು ಮಾಡೋಣ. ಎಂಜಿನ್ ಓಡುತ್ತಿರುವಾಗ ಕಾರಿನ ವಿದ್ಯುತ್ ವ್ಯವಸ್ಥೆಯಲ್ಲಿ ಇರುವುದು ಹೆಚ್ಚೆಂದರೆ ಸುಮಾರು 14.4 ವೋಲ್ಟ್. ಸ್ಟೀರಿಯೊದಲ್ಲಿರುವ ಆಂಪ್ಲಿಫೈಯರ್ ಎಂದರೆ ಬೆರಳುದ್ದದ ಒಂದು ಚಿಪ್. ಅದು ಆ 14.4 ವೋಲ್ಟನ್ನು ಮೀರಿ ಸ್ಪೀಕರನ್ನು ತಳ್ಳಲಾರದು. ಶುದ್ಧವಾದ ಅಲೆಯೊಂದರ ತುದಿ 14.4 ವೋಲ್ಟ್ ಮುಟ್ಟಿದರೆ ಅದರ ಆರ್‌ಎಂಎಸ್ ಬೆಲೆ, ಅಂದರೆ ಶಕ್ತಿಯ ಲೆಕ್ಕಕ್ಕೆ ಹಿಡಿಯುವ ಪರಿಣಾಮಕಾರಿ ಬೆಲೆ, ಸುಮಾರು 10.2 ವೋಲ್ಟ್. 4 ಓಮ್ ಸ್ಪೀಕರಿಗೆ ಲೆಕ್ಕ ಹಾಕಿದರೆ 26 ವ್ಯಾಟ್. ಚಿಪ್ಪಿನಲ್ಲೇ ಸೋರಿಹೋಗುವುದನ್ನು ಕಳೆದರೆ ಪ್ರತಿ ಸ್ಪೀಕರಿಗೆ 18ರಿಂದ 20 ವ್ಯಾಟ್ ಶುದ್ಧ ಶಕ್ತಿ ಸಿಕ್ಕರೆ ಅದೇ ಹೆಚ್ಚು. ಹಾಗಾದರೆ ಸ್ಟೀರಿಯೊ ಮುಖದ ಮೇಲೆ ‘50 ವ್ಯಾಟ್ x 4’ ಎಂದು ಏಕೆ ಬರೆದಿರುತ್ತಾರೆ? ಅಲೆಯ ತಲೆ ಪೂರ್ತಿ ಕತ್ತರಿಸಿ ಚೌಕಾಕಾರಕ್ಕೆ ಬಂದಾಗ, ಅಂದರೆ ಸಂಗೀತ ಹರಿದು ಕರ್ಕಶವಾದಾಗ, ಅದೇ 14.4 ವೋಲ್ಟಿನಿಂದ 52 ವ್ಯಾಟ್ ಬರುತ್ತದೆ. ಕೇಳಲಾಗದ ಸ್ಥಿತಿಯಲ್ಲಿ ಅಳೆದ ಅಂಕಿ ಅದು.

ತೊಂಬತ್ತರ ದಶಕದ ಟೇಪ್‌ರೆಕಾರ್ಡರ್‌ಗಳ ಮೇಲೆ ‘ಪಿಎಂಪಿಒ’ ಎಂದು ಸಾವಿರಾರು ವ್ಯಾಟ್ ಅಚ್ಚಾಗಿರುತ್ತಿದ್ದುದು ಅನೇಕರಿಗೆ ನೆನಪಿರಬಹುದು. ಇಂದಿನ ‘ಮ್ಯಾಕ್ಸ್ ಪವರ್’ ಅದರ ಮೊಮ್ಮಗ. ಇದಕ್ಕೆ ಕಡಿವಾಣ ಹಾಕಲೆಂದೇ ಅಮೆರಿಕದ ಎಲೆಕ್ಟ್ರಾನಿಕ್ಸ್ ಉದ್ಯಮ ಸಿಇಎ-2006 ಎಂಬ ಮಾನದಂಡ ರೂಪಿಸಿತು. 14.4 ವೋಲ್ಟ್ ಪೂರೈಕೆ, 4 ಓಮ್ ಹೊರೆ, ವಿಕೃತಿ ಶೇ 1ರ ಒಳಗೆ. ಹೀಗೆ ಅಳೆದದ್ದಷ್ಟೇ ಆಂಪ್ಲಿಫೈಯರಿನ ನಿಜ ಶಕ್ತಿ ಎಂದು ಅದು ಹೇಳುತ್ತದೆ. ಡಬ್ಬದ ಮೇಲೆ ಆ ಗುರುತಿದ್ದರೆ ಅಂಕಿಯನ್ನು ನಂಬಬಹುದು. ಇಲ್ಲದಿದ್ದರೆ ‘ಮ್ಯಾಕ್ಸ್’ ಬಿಟ್ಟು ‘ಆರ್‌ಎಂಎಸ್’ ಎಂಬ ಸಾಲನ್ನು ಹುಡುಕಬೇಕು.

ಇನ್ನು ಆರಂಭದ ಅನುಮಾನಕ್ಕೆ ಬರೋಣ. ಸ್ಪೀಕರ್ ಕೊಳ್ಳುವವರಲ್ಲಿ ಹೆಚ್ಚಿನವರು ಕಣ್ಣೆತ್ತಿಯೂ ನೋಡದ, ಆದರೆ ಎಲ್ಲಕ್ಕಿಂತ ಮುಖ್ಯವಾದ ಅಂಕಿ ಒಂದಿದೆ: ಸೆನ್ಸಿಟಿವಿಟಿ. ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಸದ್ದು ಬರುತ್ತದೆ ಎಂಬ ಲೆಕ್ಕ ಅದು. ಶಕ್ತಿ ದುಪ್ಪಟ್ಟಾದರೆ ಸದ್ದು ಏರುವುದು ಬರೀ 3 ಡೆಸಿಬಲ್. ಕಾರು ಕಂಪನಿಯೇ ಹಾಕಿಕೊಟ್ಟ ಹಗುರ ಕಾಗದದ ಕೋನಿನ ಸ್ಪೀಕರ್ 91 ಡೆಸಿಬಲ್ಲಿನದು, ಹೊಸದಾಗಿ ತಂದ ಭಾರದ ಕೋನಿನದು 85 ಡೆಸಿಬಲ್ಲಿನದು ಎಂದುಕೊಳ್ಳಿ. ವ್ಯತ್ಯಾಸ 6 ಡೆಸಿಬಲ್, ಅಂದರೆ ನಾಲ್ಕು ಪಟ್ಟು ಶಕ್ತಿ. ಹಳೆಯದು 18 ವ್ಯಾಟಿನಲ್ಲಿ ಕೊಡುತ್ತಿದ್ದ ಸದ್ದನ್ನು ಕೊಡಲು ಹೊಸದಕ್ಕೆ 72 ವ್ಯಾಟ್ ಬೇಕು. ಸ್ಟೀರಿಯೊ ಒಳಗಿನ ಚಿಪ್ಪಿಗೆ ಅಷ್ಟು ತ್ರಾಣವಿಲ್ಲ. ಡಬ್ಬದ ಮೇಲಿನ 350 ವ್ಯಾಟ್ ಸ್ಪೀಕರ್ ‘ಕೊಡುವ’ ಶಕ್ತಿಯೂ ಅಲ್ಲ. ಅದು ಸುಟ್ಟುಹೋಗದೆ ಕ್ಷಣಕಾಲ ತಾಳಿಕೊಳ್ಳಬಲ್ಲ ಮಿತಿ.

ಹಾಗೆಂದು ಕಂಪನಿಯ ಸ್ಪೀಕರನ್ನು ಕೀಳೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅದನ್ನು ರೂಪಿಸಿದ ಎಂಜಿನಿಯರ್ ಮುಂದೆ ಬೇರೆಯದೇ ಪಟ್ಟಿ ಇತ್ತು. ತೂಕ ಕಡಿಮೆಯಿರಬೇಕು, ಬೆಲೆ ಕಡಿಮೆಯಿರಬೇಕು, ಕಲಬುರಗಿಯ ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರಿನ ಬಾಗಿಲಲ್ಲೂ ಆಗುಂಬೆಯ ಮಳೆಯಲ್ಲೂ ಹತ್ತು ವರ್ಷ ಬಾಳಬೇಕು, ಚಿಕ್ಕ ಚಿಪ್ಪಿನ ಅಲ್ಪ ಶಕ್ತಿಯಲ್ಲೇ ಸಾಕಷ್ಟು ಸದ್ದು ಕೊಡಬೇಕು. ಈ ಪರೀಕ್ಷೆಯಲ್ಲಿ ಅದು ಪಾಸಾಗಿದೆ. ಅದಕ್ಕೆ ಸಾಧ್ಯವಾಗದ್ದು ಆಳದ ಬೇಸ್ ಮತ್ತು ಜೋರಾದಾಗಲೂ ಕೆಡದ ಸ್ಪಷ್ಟತೆ. ಸಿ. ಅಶ್ವತ್ಥ್ ಅವರ ಧ್ವನಿಯ ಎದೆಯ ಭಾಗ ಮಾಯವಾಗಿ ಗಂಟಲಿನ ಭಾಗ ಮಾತ್ರ ಕೇಳುವುದು, ಡೊಳ್ಳಿನ ಪೆಟ್ಟು ರಟ್ಟಿನ ಪೆಟ್ಟಿಗೆ ಬಡಿದಂತಾಗುವುದು, ಮೃದಂಗದ ಎಡಗೈ ಸುದ್ದಿಯೇ ಇಲ್ಲದೆ ಬಲಗೈ ಮಾತ್ರ ಕಿವಿಗೆ ಬೀಳುವುದು, ಎಲ್ಲವೂ ಇದರ ಪರಿಣಾಮ.

ಕಾರಿನಲ್ಲಿ ಸಂಗೀತ ಕೇಳುವ ಆಸೆ ಹೊಸದಲ್ಲ. ಇಂದಿಗೂ ಸ್ಪೀಕರುಗಳಲ್ಲಿ ಬಳಸುವ ಚಲಿಸುವ ಸುರುಳಿಯ ವಿನ್ಯಾಸಕ್ಕೆ ಜನರಲ್ ಎಲೆಕ್ಟ್ರಿಕ್‌ನ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ಖಚಿತ ರೂಪ ಕೊಟ್ಟರು. ಐದೇ ವರ್ಷಕ್ಕೆ, 1930ರಲ್ಲಿ, ಷಿಕಾಗೋದ ಪಾಲ್ ಗ್ಯಾಲ್ವಿನ್ ತನ್ನ ಸ್ಟುಡ್‌ಬೇಕರ್ ಕಾರಿಗೆ ರೇಡಿಯೊ ಕೂರಿಸಿಕೊಂಡು ಅಟ್ಲಾಂಟಿಕ್ ಸಿಟಿಯ ರೇಡಿಯೊ ತಯಾರಕರ ಸಮಾವೇಶಕ್ಕೆ ಹೋದ. ಒಳಗೆ ಮಳಿಗೆ ಇರಲಿಲ್ಲ; ಹೊರಗೆ ಕಾರು ನಿಲ್ಲಿಸಿ ಬಂದವರಿಗೆಲ್ಲ ಕೇಳಿಸಿ ಆರ್ಡರ್ ಪಡೆದ. ಆ ರೇಡಿಯೊಗೆ ಇಟ್ಟ ಮೊಟೊರೊಲಾ ಎಂಬ ಹೆಸರು ಲೋಕಕ್ಕೆ ಪರಿಚಯವಾದದ್ದು ಹಾಗೆ. ಇನ್ನೊಂದು ತಿರುವು 1983ರದು. ಬಂಗಾಳದ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಮಗ, ಎಂಐಟಿ ಪ್ರಾಧ್ಯಾಪಕ ಅಮರ್ ಬೋಸ್ ಕಟ್ಟಿದ ಕಂಪನಿ ಆ ವರ್ಷದ ಕ್ಯಾಡಿಲಾಕ್ ಸೆವಿಲ್ ಮತ್ತಿತರ ಜನರಲ್ ಮೋಟರ್ಸ್ ಕಾರುಗಳಿಗೆ ಆಯಾ ಕಾರಿನ ಒಳಾಂಗಣಕ್ಕೆಂದೇ ಹೊಂದಿಸಿದ ಧ್ವನಿ ವ್ಯವಸ್ಥೆ ಒದಗಿಸಿತು. ಆಸನ, ಗಾಜು, ಛಾವಣಿ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಸ್ಪೀಕರು, ಆಂಪು, ಈಕ್ವಲೈಸರ್ ಮೂರನ್ನೂ ಒಟ್ಟಿಗೆ ರೂಪಿಸಬೇಕೆಂಬ ಆ ವಿಚಾರವೇ ಇಂದು ಕ್ರೆಟಾದಲ್ಲಿ ಬೋಸ್, ಟಾಟಾ ಕಾರುಗಳಲ್ಲಿ ಹರ್ಮನ್ ಹೆಸರಿನಲ್ಲಿ ಮೇಲಿನ ವೇರಿಯಂಟ್‌ಗಳಿಗೆ ಬರುತ್ತಿದೆ. ಕೆಳಗಿನ ವೇರಿಯಂಟ್ ಕೊಂಡವರು ಆ ಕೆಲಸವನ್ನು ಹೊರಗೆ ಮಾಡಿಸಿಕೊಳ್ಳಬೇಕು.

ಹೊರಗೆ ಮಾಡಿಸುವಾಗ ಮೊದಲ ಹಣ ಎಲ್ಲಿಗೆ ಹೋಗಬೇಕು? ಈ ಲೇಖನದ ಉತ್ತರ ಸ್ಪಷ್ಟ: ಬಾಗಿಲಿಗೆ.

ಸ್ಪೀಕರಿನ ಕೋನ್ ಮುಂದೆ ತಳ್ಳಿದ ಗಾಳಿಯ ಅಲೆಗೂ ಹಿಂದೆ ಎಳೆದ ಅಲೆಗೂ ದಿಕ್ಕು ವಿರುದ್ಧ. ಇವೆರಡೂ ಒಂದನ್ನೊಂದು ಮುಟ್ಟಿದರೆ ರದ್ದಾಗುತ್ತವೆ, ಬೇಸ್ ಅಲ್ಲೇ ಸಾಯುತ್ತದೆ. ಮನೆಯ ಸ್ಪೀಕರಿಗೆ ಮರದ ಪೆಟ್ಟಿಗೆ ಇರುವುದು ಇವನ್ನು ಬೇರೆ ಇಡಲಿಕ್ಕೆ. ಕಾರಿನಲ್ಲಿ ಬಾಗಿಲೇ ಆ ಪೆಟ್ಟಿಗೆ. ಡೋರ್ ಪ್ಯಾಡ್ ಬಿಚ್ಚಿದರೆ ಕಾಣುವುದೇನು? ತೆಳ್ಳಗಿನ ತಗಡು, ಗಾಜು ಏರಿಸುವ ಯಂತ್ರಕ್ಕೆಂದು ಕೊರೆದ ಅಂಗೈಯಗಲದ ತೂತುಗಳು, ಅವುಗಳ ಮೇಲೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ. ವೀಣೆಯ ಕುಡ ತಂತಿಯ ಜತೆ ತಾನೂ ಹಾಡಬೇಕು. ಕಾರಿನ ಬಾಗಿಲು ಮಾತ್ರ ಸ್ಪೀಕರ್ ಹಾಡುವಾಗ ಬಾಯಿಬಿಡಬಾರದು. ಅದಕ್ಕಾಗಿ ಹೊರತಗಡಿನ ಒಳಮೈಗೆ ಅಲ್ಯುಮಿನಿಯಂ ಹೊದಿಕೆಯ ಬ್ಯುಟೈಲ್ ರಬ್ಬರ್ ಹಾಳೆ ಅಂಟಿಸಿ ರೋಲರಿನಿಂದ ಒತ್ತುತ್ತಾರೆ. ಅಂಗಡಿ ಭಾಷೆಯಲ್ಲಿ ಇದು ‘ಡ್ಯಾಂಪಿಂಗ್’. ಆಮೇಲೆ ಒಳತಗಡಿನ ತೂತುಗಳನ್ನು ಮುಚ್ಚಬೇಕು. ಕೆಲಸ ಮುಗಿದ ಮೇಲೆ ತಗಡನ್ನು ಗೆಣ್ಣಿನಿಂದ ತಟ್ಟಿ ನೋಡಿದರೆ ‘ಟಣ್’ ಎನ್ನುತ್ತಿದ್ದದ್ದು ‘ದಬ್’ ಎನ್ನುತ್ತದೆ. ಅದೇ ಕಂಪನಿ ಸ್ಪೀಕರಿನಿಂದಲೇ ಮೊದಲಿಗಿಂತ ಗಟ್ಟಿ ಬೇಸ್ ಬರುವುದನ್ನು ಇಲ್ಲಿ ಕೇಳಬಹುದು. ರಸ್ತೆಯ ಸದ್ದು ತಗ್ಗುವುದು ಉಚಿತ ಲಾಭ.

ಇಲ್ಲಿ ಒಂದು ಎಚ್ಚರ. ಮಳೆ ಬಂದಾಗ ಗಾಜಿನ ಮೇಲೆ ಹರಿದ ನೀರು ಬಾಗಿಲೊಳಕ್ಕೆ ಇಳಿದೇ ಇಳಿಯುತ್ತದೆ; ಅಡಿಯ ಸಣ್ಣ ತೂತುಗಳಿಂದ ಹೊರಹೋಗುತ್ತದೆ. ಕಾರು ರೂಪುಗೊಂಡಿರುವುದೇ ಹಾಗೆ. ಡ್ಯಾಂಪಿಂಗ್ ಮಾಡುವ ಹುಡುಗ ಉತ್ಸಾಹದಲ್ಲಿ ಆ ತೂತುಗಳನ್ನೂ ಮುಚ್ಚಿದರೆ ನೀರು ನಿಂತು ತಗಡು ತುಕ್ಕು ಹಿಡಿಯುತ್ತದೆ. ಸ್ಪೀಕರ್ ಕೂರಿಸಲು ಬಳಸುವ ಬಳೆಯೂ ಸಾದಾ ಎಂಡಿಎಫ್ ಆಗಿದ್ದರೆ ಎರಡು ಮಳೆಗಾಲದಲ್ಲಿ ಊದಿ ಹಿಟ್ಟಾಗುತ್ತದೆ. ಮಲೆನಾಡಿನವರು, ಕರಾವಳಿಯವರು ಪ್ಲಾಸ್ಟಿಕ್, ಅಕ್ರಿಲಿಕ್ ಅಥವಾ ನೀರು ತಡೆಯುವ ಪ್ಲೈವುಡ್ ಬಳೆಯನ್ನೇ ಕೇಳಿ ಹಾಕಿಸಿಕೊಳ್ಳಬೇಕು.

ಬಾಗಿಲ ನಂತರ ಮುಂದಿನ ಜೋಡಿ ಸ್ಪೀಕರ್. ನಮ್ಮ ಬಹಳಷ್ಟು ಕಾರುಗಳ ಮುಂಬಾಗಿಲಿಗೆ ಆರೂವರೆ ಇಂಚಿನದು ಹೊಂದುತ್ತದೆ. ಹೈ ಸ್ವರಗಳನ್ನು ನುಡಿಸುವ ಪುಟ್ಟ ಟ್ವೀಟರ್ ಬೇರೆಯಾಗಿ ಡ್ಯಾಶ್‌ಬೋರ್ಡಿನ ಮೂಲೆಯಲ್ಲೋ ಕನ್ನಡಿ ಬಳಿಯೋ ಕೂರುವ ‘ಕಂಪೋನೆಂಟ್’ ಸೆಟ್ ಆದರೆ ಹಾಡುವವರು ಮೊಣಕಾಲಿನ ಬಳಿ ಅಲ್ಲ, ಕಣ್ಣೆದುರು ನಿಂತಂತೆ ಕೇಳುತ್ತದೆ. ಬಜೆಟ್ ಬಿಗಿಯಿದ್ದರೆ ಹಿಂಬಾಗಿಲಿನದನ್ನು ಹಾಗೇ ಬಿಡಬಹುದು. ನಾಲ್ಕೂ ಬಾಗಿಲಿಗೆ ಸಾಧಾರಣ ಸ್ಪೀಕರ್ ಹಾಕುವುದಕ್ಕಿಂತ ಮುಂದಿನೆರಡಕ್ಕೆ ಒಳ್ಳೆಯದು ಹಾಕುವುದು ಜಾಣತನ.

ಈಗ ಸ್ಟೀರಿಯೊದ ಚಿಪ್ಪಿಗೆ ಬದಲಾಗಿ ಹೊರಗೆ ಕೂರಿಸುವ ಆಂಪ್. ಸ್ಪೀಕರಿನ ಆರ್‌ಎಂಎಸ್ 60 ವ್ಯಾಟ್ ಎಂದಿದ್ದರೆ ಆಂಪಿನ ಪ್ರತಿ ಚಾನೆಲ್ ಕೂಡ 60ರಿಂದ 75 ವ್ಯಾಟ್ ಆರ್‌ಎಂಎಸ್ ಇರಲಿ. ‘ಆಂಪ್ ಜಾಸ್ತಿ ಪವರಿನದಾದರೆ ಸ್ಪೀಕರ್ ಸುಡುತ್ತದೆ’ ಎಂಬ ಭಯ ಗ್ರಾಹಕರಲ್ಲಿ ಬೇರೂರಿದೆ. ಆದರೆ ಟ್ವೀಟರುಗಳು ಸಾಯುವುದು ಬಹುಮಟ್ಟಿಗೆ ಬಡ ಆಂಪನ್ನು ಅತಿಯಾಗಿ ದುಡಿಸಿದಾಗ. 20 ವ್ಯಾಟಿನ ಚಿಪ್ಪನ್ನು ಕೊನೆಯವರೆಗೆ ತಿರುಗಿಸಿದರೆ ಅಲೆಯ ತಲೆ ಕತ್ತರಿಸುತ್ತದೆ. ಸರಾಸರಿ ಶಕ್ತಿ ಏರುತ್ತದೆ, ಮೂಲದಲ್ಲಿಲ್ಲದ ಹೈ ಸ್ವರಗಳು ಹುಟ್ಟುತ್ತವೆ, ಕೂದಲೆಳೆಯಂಥ ತಂತಿಯ ಸುರುಳಿ ಬಿಸಿಯಾಗುತ್ತದೆ. ಸ್ವಲ್ಪ ಮೀಸಲು ಶಕ್ತಿಯಿರುವ ಆಂಪು ತಬಲೆಯ ಒಂದು ಗಟ್ಟಿ ಪೆಟ್ಟನ್ನು ಏದುಸಿರು ಬಿಡದೆ ದಾಟಿಸುತ್ತದೆ.

ಓಮ್ ಲೆಕ್ಕದಲ್ಲಿ ಉದಾಸೀನ ಸಲ್ಲದು. ಕಾರಿನ ಮಾರುಕಟ್ಟೆ ಸ್ಪೀಕರುಗಳು ಸಾಮಾನ್ಯವಾಗಿ 4 ಓಮ್. ಕೆಲವು ಕಂಪನಿ ವ್ಯವಸ್ಥೆಗಳಲ್ಲಿ 2 ಓಮ್ ಸ್ಪೀಕರುಗಳಿರುತ್ತವೆ. ಅವುಗಳ ಜಾಗಕ್ಕೆ 4 ಓಮಿನದು ಹಾಕಿದರೆ ಅದೇ ಆಂಪಿನಿಂದ ಸಿಗುವ ಶಕ್ತಿ ಅರ್ಧಕ್ಕಿಳಿಯುತ್ತದೆ. ತಿರುಗುಮುರುಗಾಗಿ, 4 ಓಮಿಗೆಂದು ಮಾಡಿದ ಆಂಪಿಗೆ 2 ಓಮ್ ಹೊರೆ ಕಟ್ಟಿದರೆ ಕರೆಂಟ್ ದುಪ್ಪಟ್ಟಾಗಿ ಆಂಪು ಬಿಸಿಯಾಗಿ ನಿಂತುಬಿಡುತ್ತದೆ. ನಾಲ್ಕು ಚಾನೆಲ್ ಆಂಪಿನ ಎರಡು ಚಾನೆಲ್ಲನ್ನು ‘ಬ್ರಿಡ್ಜ್’ ಮಾಡಿ, ಅಂದರೆ ಒಂದಾಗಿ ಸೇರಿಸಿ, ಆಳದ ಬೇಸ್ ನುಡಿಸುವ ಸಬ್‌ವೂಫರಿಗೆ ಕೊಡುವ ರೂಢಿ ಚೆನ್ನಾಗಿದೆ, ಆದರೆ ಬ್ರಿಡ್ಜ್ ಮಾಡಿದಾಗ ಕನಿಷ್ಠ ಎಷ್ಟು ಓಮ್ ತಾಳುತ್ತದೆ ಎಂದು ಕೈಪಿಡಿ ನೋಡಿಯೇ ಕಟ್ಟಬೇಕು.

ಹಳೆಯ ಕಾರಿನಲ್ಲಿ ಸ್ಟೀರಿಯೊ ಎಳೆದು ಬೇರೆಯದು ಹಾಕುವುದು ಸಲೀಸಾಗಿತ್ತು. ಈಗ ಅದು ಹಿಂಬದಿ ಕ್ಯಾಮೆರಾ, ಎಸಿ, ಸ್ಟೀರಿಂಗ್ ಗುಂಡಿಗಳ ಜತೆ ಬೆಸೆದುಹೋಗಿದೆ. ಹಾಗಾಗಿ ಅದನ್ನು ಮುಟ್ಟದೆ, ಸ್ಪೀಕರಿಗೆ ಹೋಗುವ ತಂತಿಯಿಂದಲೇ ಸಂಕೇತ ಪಡೆಯುವ ‘ಹೈ ಲೆವೆಲ್ ಇನ್‌ಪುಟ್’ ಇರುವ ಆಂಪ್ ಬೇಕು. ತೊಡಕು ಏನೆಂದರೆ, ಕೆಲವು ಕಂಪನಿ ಸ್ಟೀರಿಯೊಗಳು ಧ್ವನಿ ಏರಿಸಿದಂತೆಲ್ಲ ಬೇಸನ್ನು ತಾವೇ ಕಡಿಮೆ ಮಾಡುತ್ತವೆ, ತಮ್ಮ ಬಡ ಸ್ಪೀಕರನ್ನು ಉಳಿಸಿಕೊಳ್ಳಲು. ಆ ತಿದ್ದುಪಡಿಯೂ ಹೊಸ ಆಂಪಿಗೆ ಹರಿದುಬರುತ್ತದೆ. ಇದನ್ನು ಸರಿಪಡಿಸುವುದೇ ಡಿಎಸ್‌ಪಿ ಎಂಬ ಪುಟ್ಟ ಗಣಕ.

ಡಿಎಸ್‌ಪಿಯ ನಿಜವಾದ ಚಮತ್ಕಾರ ಬೇರೆಯಿದೆ. ನಮ್ಮಲ್ಲಿ ಚಾಲಕ ಬಲಕ್ಕೆ ಕೂರುತ್ತಾನೆ. ಬಲಬಾಗಿಲ ಸ್ಪೀಕರ್ ಅವನ ಕಿವಿಗೆ 90 ಸೆಂಟಿಮೀಟರ್ ದೂರವಿದ್ದರೆ ಎಡದ್ದು 140 ಇರಬಹುದು. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅಂದರೆ ಎಡದ ಸದ್ದು ಒಂದೂವರೆ ಮಿಲಿಸೆಕೆಂಡ್ ತಡ. ಇದು ಚಿಕ್ಕದೆನಿಸಬಹುದು, ಆದರೆ ಮೊದಲು ಬಂದ ಸದ್ದಿನ ಕಡೆಗೇ ಮಿದುಳು ವಾಲುತ್ತದೆ ಎಂಬುದನ್ನು ಹೆಲ್ಮುಟ್ ಹಾಸ್ 1949ರಷ್ಟು ಹಿಂದೆಯೇ ತೋರಿಸಿದ್ದ. ಹಾಡೆಲ್ಲ ಬಲಬಾಗಿಲಿಗೇ ಅಂಟಿಕೊಂಡಂತೆ ಕೇಳುವುದು ಇದಕ್ಕೇ. ಡಿಎಸ್‌ಪಿ ಬಲದ ಸ್ಪೀಕರನ್ನು ಅಷ್ಟೇ ಹೊತ್ತು ತಡೆದು ನಿಲ್ಲಿಸುತ್ತದೆ. ಆ ಕ್ಷಣ ಗಾಯಕಿ ಡ್ಯಾಶ್‌ಬೋರ್ಡಿನ ನಡುವೆ ಬಂದು ನಿಲ್ಲುತ್ತಾಳೆ, ಪಿಟೀಲು ಒಂದು ಕಡೆ, ಮೃದಂಗ ಇನ್ನೊಂದು ಕಡೆ. ದುಬಾರಿ ಸ್ಪೀಕರಿಗೆ ಸುರಿದ ಹಣ ಮಾಡಲಾಗದ್ದನ್ನು ಈ ಹೊಂದಾಣಿಕೆ ಮಾಡುತ್ತದೆ.

ಡಿಕ್ಕಿಯಲ್ಲಿ ಎರಡು ಹನ್ನೆರಡು ಇಂಚಿನ ವೂಫರ್ ಇಟ್ಟು ನಂಬರ್ ಪ್ಲೇಟ್ ಅದುರಿಸುವುದು ಒಂದು ಬಗೆಯ ಹವ್ಯಾಸ. ಸಂಗೀತಕ್ಕೆ ಅಷ್ಟು ಬೇಡ. ಸೀಟಿನ ಕೆಳಗೆ ಕೂರುವ ಎಂಟು ಇಂಚಿನ ಒಂದು ಸಬ್‌ವೂಫರ್ ಸಾಕು. ಮುಚ್ಚಿದ ಕಾರಿನ ಕಿರಿದಾದ ಜಾಗವೇ ಕೆಳ ಸ್ವರಗಳನ್ನು ಎತ್ತಿಹಿಡಿಯುತ್ತದೆ. 80 ಹರ್ಟ್ಸ್‌ಗಿಂತ ಕೆಳಗಿನದನ್ನು ಸಬ್‌ವೂಫರಿಗೆ, ಮೇಲಿನದನ್ನು ಬಾಗಿಲ ಸ್ಪೀಕರಿಗೆ ಹಂಚುವುದರಿಂದ ಶುರುಮಾಡಬಹುದು. ಆಳದ ಹೊರೆ ಇಳಿದ ಕೂಡಲೇ ಬಾಗಿಲ ಸ್ಪೀಕರ್ ಮಾತು ಬಿಡಿಸಿ ಹಾಡತೊಡಗುತ್ತದೆ.

ವೈರಿಂಗ್ ಮಾತ್ರ ಜೀವದ ಪ್ರಶ್ನೆ. 75 ವ್ಯಾಟಿನ ನಾಲ್ಕು ಚಾನೆಲ್ ಎಂದರೆ 300 ವ್ಯಾಟ್. ಶೇ 80ರಷ್ಟು ದಕ್ಷತೆಯ ಕ್ಲಾಸ್-ಡಿ ಆಂಪು ಪೂರ್ಣ ಶಕ್ತಿಯಲ್ಲಿ ಬ್ಯಾಟರಿಯಿಂದ ಸುಮಾರು 27 ಆಂಪಿಯರ್ ಎಳೆಯುತ್ತದೆ; ಶೇ 55ರ ಹಳೆಯ ಕ್ಲಾಸ್-ಎಬಿ ಆದರೆ 40 ಮುಟ್ಟುತ್ತದೆ. ಸಿಗರೇಟ್ ಲೈಟರಿನ ತಂತಿಯಿಂದ ಇದನ್ನು ಎಳೆಯುವುದು ಬೆಂಕಿಯನ್ನು ಕರೆದಂತೆ. ಬ್ಯಾಟರಿಯಿಂದಲೇ ಪ್ರತ್ಯೇಕ ತಂತಿ ಬರಬೇಕು, ಬ್ಯಾಟರಿಗೆ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಬೇಕು, ಬಾನೆಟ್ ಕಡೆಯಿಂದ ತಗಡು ದಾಟುವಲ್ಲಿ ರಬ್ಬರ್ ಬಳೆ ಇರಬೇಕು. ಆ ಫ್ಯೂಸ್ ಆಂಪನ್ನು ಕಾಯಲಿಕ್ಕಲ್ಲ. ಅಪಘಾತದಲ್ಲೋ ಉಜ್ಜಿಯೋ ತಂತಿಯ ಪ್ಲಾಸ್ಟಿಕ್ ಹರಿದು ಕಾರಿನ ಮೈಗೆ ತಾಗಿದರೆ ಕಾರು ಹೊತ್ತಿಕೊಳ್ಳದಂತೆ ಕಾಯಲಿಕ್ಕೆ. ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುವ ದಪ್ಪ ತಂತಿಗಳಲ್ಲಿ ಅನೇಕವು ತಾಮ್ರದ ಲೇಪವಿರುವ ಅಲ್ಯುಮಿನಿಯಂ. ಅವುಗಳ ವಾಹಕತೆ ಶುದ್ಧ ತಾಮ್ರದ ಮೂರರಲ್ಲಿ ಎರಡು ಪಾಲಿನಷ್ಟೇ. ತುದಿಯನ್ನು ಚಾಕುವಿನಿಂದ ಕೆರೆದು ನೋಡಿದರೆ ಬೆಳ್ಳಿ ಬಣ್ಣ ಹೊರಬೀಳುತ್ತದೆ. ಆ ತಂತಿ ಬೇಡ ಎನ್ನಲು ಗ್ರಾಹಕ ಹಿಂಜರಿಯಬಾರದು.

ಕೊನೆಯ ಕೆಲಸ ಆಂಪಿನ ‘ಗೇನ್’. ಇದು ವಾಲ್ಯೂಮ್ ಎಂದು ತಿಳಿದು ಪೂರ್ತಿ ತಿರುಗಿಸುವವರು ಹಲವರು. ಅದು ಸ್ಟೀರಿಯೊದಿಂದ ಬರುವ ಸಂಕೇತದ ಎತ್ತರಕ್ಕೆ ಆಂಪನ್ನು ಹೊಂದಿಸುವ ತಿರುಪು. ಬಲ್ಲ ಕುಶಲಕರ್ಮಿ ಹೀಗೆ ಮಾಡುತ್ತಾನೆ: ಸ್ಪೀಕರ್ ತಂತಿ ಕಳಚಿ, ಈಕ್ವಲೈಸರ್ ಸಮತಟ್ಟು ಮಾಡಿ, ವಾಲ್ಯೂಮನ್ನು ಮುಕ್ಕಾಲು ಭಾಗಕ್ಕಿಟ್ಟು, 1000 ಹರ್ಟ್ಸ್ ಪರೀಕ್ಷಾ ಸ್ವರ ನುಡಿಸುತ್ತಾನೆ. ಆಂಪಿನ ಹೊರಮೂತಿಗೆ ಮಲ್ಟಿಮೀಟರ್ ಹಿಡಿದು ಎಸಿ ವೋಲ್ಟ್ ನೋಡುತ್ತಾನೆ. 4 ಓಮಿಗೆ 75 ವ್ಯಾಟ್ ಎಂದರೆ 17.3 ವೋಲ್ಟ್. ಸಣ್ಣ ಸ್ಕ್ರೂಡ್ರೈವರ್‌ನಿಂದ ಗೇನ್ ತಿರುಗಿಸುತ್ತ ಮುಳ್ಳು ಅಲ್ಲಿಗೆ ಬಂದ ಕೂಡಲೇ ಕೈ ಬಿಡುತ್ತಾನೆ. ಕೆಲವೇ ನಿಮಿಷದ ಕೆಲಸ. ಮಲ್ಟಿಮೀಟರ್ ಹೊರತೆಗೆಯದ, ಕಿವಿಯ ಅಂದಾಜಿನಲ್ಲಿ ಗೇನ್ ತಿರುಗಿಸುವ ಅಂಗಡಿಯಲ್ಲಿ ಆಂಪ್ ಹಾಕಿಸದಿರುವುದೇ ಮೇಲು.

ವಾರಂಟಿಯ ಚಿಂತೆ ಇರುವವರು ‘ಕಪ್ಲರ್ ಟು ಕಪ್ಲರ್’ ಹಾರ್ನೆಸ್ ಕೇಳಬೇಕು. ಕಾರಿನ ಮೂಲ ತಂತಿಗೆ ಕತ್ತರಿ ಬೀಳದೆ ನಡುವೆ ಜೋಡಿಸುವ ಕೊಂಡಿ ಅದು. ಹೆಚ್ಚು ಮಾರಾಟವಾಗುವ ಕಾರುಗಳಿಗೆ ಸಿದ್ಧವಾಗಿ ಸಿಗುತ್ತದೆ. ಎಲೆಕ್ಟ್ರಿಕ್ ಕಾರಿನಲ್ಲಂತೂ ಎಲ್ಲ ಹೊಸ ಜೋಡಣೆಯೂ 12 ವೋಲ್ಟಿನ ಚಿಕ್ಕ ಬ್ಯಾಟರಿಗೆ ಸೇರಿದ ತಂತಿಗಳಲ್ಲೇ ಇರಬೇಕು. ಕಿತ್ತಳೆ ಬಣ್ಣದ ತಂತಿ ಕಂಡರೆ ಅದು ಹೈ ವೋಲ್ಟೇಜ್, ಆಡಿಯೊ ಅಂಗಡಿಯವರು ಅದರ ಹತ್ತಿರ ಕೈ ಹಾಕುವಂತಿಲ್ಲ.

ಅಂಗಡಿಗೆ ಹೋಗುವಾಗ ಅವರು ಹಾಕಿ ಕೇಳಿಸುವ ಹಾಡಿಗೆ ಮಾರುಹೋಗಬೇಡಿ. ಬೇಸ್ ತುಂಬಿದ ಆ ಹಾಡುಗಳಲ್ಲಿ ಎಲ್ಲ ಸ್ಪೀಕರೂ ಚೆನ್ನಾಗಿಯೇ ಕೇಳುತ್ತದೆ. ನಿಮಗೆ ಬಾಯಿಪಾಠವಾಗಿರುವ ಹಾಡುಗಳನ್ನು ಒಳ್ಳೆಯ ಗುಣಮಟ್ಟದಲ್ಲಿ ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿ. ಒಂದು ವೀಣೆ, ಒಂದು ಗಟ್ಟಿ ಗಂಡು ಧ್ವನಿ, ಒಂದು ಹೆಣ್ಣು ಧ್ವನಿ, ಒಂದು ತಾಳವಾದ್ಯ ಇರಲಿ. ಕೆಲಸ ಮುಗಿದ ಮೇಲೆ ಬಾಗಿಲಿಂದ ತೆಗೆದ ಕಂಪನಿ ಸ್ಪೀಕರುಗಳನ್ನೂ ಅವುಗಳ ತಿರುಪು, ಕೊಂಡಿಗಳನ್ನೂ ಅಂಗಡಿಯಲ್ಲೇ ಬಿಟ್ಟು ಬರಬೇಡಿ. ಕಾಗದದಲ್ಲಿ ಸುತ್ತಿ ಅಟ್ಟದ ಮೇಲಿಡಿ. ಕಾರು ಮಾರುವ ದಿನ ಅವನ್ನು ಮತ್ತೆ ಕೂರಿಸಿ, ಒಳ್ಳೆಯ ಸ್ಪೀಕರು, ಆಂಪುಗಳನ್ನು ಮುಂದಿನ ಕಾರಿಗೆ ಒಯ್ಯಬಹುದು.